ಶೇಕಡಾ ಎಷ್ಟು?

ಬೇಸಿಗೆಯ ರಜೆಯಲ್ಲಿ ಮಾವಿನ ಹಣ್ಣಿನ ಬುಟ್ಟಿಯೊಡನೆ ನಮ್ಮ ಮನೆಗಳಿಗೆ ತಪ್ಪದೆ ಬರುವ ಅತಿಥಿಯೆಂದರೆ ಒಂದು ಪ್ರಶ್ನೆ. ಎಸ್.ಎಸ್.ಎಲ್.ಸಿ. ಫಲಿತಾಂಶ ಹೊರಬಿದ್ದ ದಿನ ಎದುರುಮನೆಯವರು ಗೇಟಿನ ಆಚೆಯಿಂದಲೇ ಅದನ್ನು ಕೇಳುತ್ತಾರೆ, ಸೋದರಮಾವ ಫೋನಿನಲ್ಲಿ ಕೇಳುತ್ತಾನೆ, ಹಾಲಿನವನೂ ಪಾತ್ರೆಗೆ ಹಾಲು ಸುರಿಯುತ್ತ ಕೇಳುತ್ತಾನೆ: “ಶೇಕಡಾ ಎಷ್ಟು?” ಹುಡುಗನ ಹೆಸರು ಮರೆತವರಿಗೂ ಆ ಸಂಖ್ಯೆ ಬೇಕು. ಮಕ್ಕಳಿಗೆ ಕೇಳುವ ಈ ಪ್ರಶ್ನೆಯನ್ನೇ ನಾವು ಶಾಲೆಗಳಿಗೂ ಕೇಳುತ್ತ ಬಂದಿದ್ದೇವೆ. ಉತ್ತರ ದೊರೆತೊಡನೆ, ಆ ಶಾಲೆಯ ವಿಷಯವಾಗಿ ತಿಳಿಯತಕ್ಕದ್ದೆಲ್ಲ ತಿಳಿದುಹೋಯಿತೆಂದು ತೃಪ್ತರಾಗುತ್ತೇವೆ.

ನಾನೂ ಹಾಗೆ ತೃಪ್ತನಾದವರಲ್ಲಿ ಒಬ್ಬನೇ. ಆ ತೃಪ್ತಿಗೆ ಭಂಗ ಬಂದದ್ದು 2025ರ ಜೂನ್ ತಿಂಗಳಲ್ಲಿ, ಶಿಗ್ಗಾಂವ ತಾಲ್ಲೂಕಿನ ಒಂದು ಸರಕಾರಿ ಪ್ರೌಢಶಾಲೆಯಲ್ಲಿ.

ಶಿಗ್ಗಾಂವ ಹುಬ್ಬಳ್ಳಿಯಿಂದ ಹಾವೇರಿಗೆ ಹೋಗುವ ಹೆದ್ದಾರಿಯ ಮೇಲಿನ ಊರು. ಕನಕದಾಸರು ಹುಟ್ಟಿದ ಬಾಡ ಈ ತಾಲ್ಲೂಕಿನದು, ಶಿಶುನಾಳವೂ ಇಲ್ಲಿಯದೇ. ತತ್ತ್ವಪದಗಳ ಕರ್ತೃವೆಂದೇ ನಾವು ಬಲ್ಲ ಷರೀಫ ಸಾಹೇಬರು ಕೆಲಕಾಲ ಶಾಲಾ ಮಾಸ್ತರಿಕೆ ಮಾಡಿದವರೆಂಬುದನ್ನು ನೆನೆಯುವವರು ಕಡಿಮೆ. ಈ ನೆಲದ ಶಾಲೆಯೊಂದರಲ್ಲಿ ಗತವರ್ಷದ ಪ್ರಗತಿಯ ಪರಿಶೀಲನೆ, ಮುಂದಿನ ವರ್ಷದ ಬೋಧನೆಯ ಗುರಿಗಳ ನಿರ್ಧಾರ. ಪಾಲಕರ ಸಭೆ ಬೇರೆ. ಅಲ್ಲಿ ಶಿಕ್ಷಕನಾಗಿರುವ ಹಳೆಯ ಸಹಪಾಠಿಯ ಒತ್ತಾಯಕ್ಕೆ ನಾನೂ ಒಂದು ಕುರ್ಚಿಯನ್ನು ಅಲಂಕರಿಸಿದ್ದೆ.

ಮುಖ್ಯೋಪಾಧ್ಯಾಯರು ಶ್ರದ್ಧಾವಂತರು. ಕರಿಹಲಗೆಯ ಮೇಲೆ ಮುತ್ತಿನಂಥ ಅಕ್ಷರಗಳಲ್ಲಿ ವಿಷಯವಾರು ಫಲಿತಾಂಶವನ್ನು, ದಶಾಂಶದ ಎರಡು ಸ್ಥಾನಗಳವರೆಗೆ, ಬರೆಸಿದ್ದರು. ಕೊನೆಯ ಸಾಲು ಕೆಂಪು ಸೀಮೆಸುಣ್ಣದಲ್ಲಿತ್ತು: “ಈ ವರ್ಷದ ಗುರಿ: ಶೇ. 100.” ಸಭಿಕರು ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಆಗ ಹಿಂದಿನ ಸಾಲಿನಲ್ಲಿ ಹೆಗಲಮೇಲೆ ಟವೆಲು ಹೊದ್ದು ಕುಳಿತಿದ್ದ ವೃದ್ಧರೊಬ್ಬರು ಮೆಲ್ಲನೆ ಎದ್ದು ನಿಂತರು.

“ಸರ, ಒಂದು ಮಾತು ಕೇಳ್ತೀನ್ರೀ, ಸಿಟ್ಟಿಗೇಳಬ್ಯಾಡ್ರಿ. ನಮ್ಮ ಮೊಮ್ಮಗಳು ಈ ಸಲ ಪಾಸಾದ್ಲರಿ. ಸಾಲಿಗೆ ಪೇಢೆ ತಂದು ಹಂಚೀನಿ. ಮೊನ್ನೆ ಬ್ಯಾಂಕಿನಿಂದ ಒಂದು ಕಾಗದ ಬಂತ್ರೀ, ಕನ್ನಡದಾಗ. ಓದಿ ಏನೈತಿ ಹೇಳವ್ವಾ ಅಂದೆ. ಓದಿದ್ಲರಿ; ಏನೈತಿ ಅಂತ ಹೇಳಾಕ ಬರಲಿಲ್ಲ. ಹಂಗಾದ್ರ ಆಕಿ ಪಾಸಾಗಿದ್ದು ಏನರೀ?”

ಸಭೆಯಲ್ಲಿ ಯಾರೂ ನಗಲಿಲ್ಲ. ಮುಖ್ಯೋಪಾಧ್ಯಾಯರು ಹಲಗೆಯ ಕಡೆಗೊಮ್ಮೆ ತಿರುಗಿ ನೋಡಿದರು. ಅಷ್ಟೊಂದು ಅಂಕಿಗಳಲ್ಲಿ ಆ ಪ್ರಶ್ನೆಗೆ ಉತ್ತರವಾಗಬಲ್ಲ ಒಂದು ಅಂಕಿಯೂ ಇರಲಿಲ್ಲ.

ಇದು ಒಂದು ಶಾಲೆಯ ಸಂಕಟವಲ್ಲ. ನಮ್ಮ ರಾಜ್ಯದ ಲೆಕ್ಕವನ್ನೇ ನೋಡಿರಿ. ಎಸ್.ಎಸ್.ಎಲ್.ಸಿ.ಯಲ್ಲಿ 2023ರಲ್ಲಿ ಶೇ. 83.89ರಷ್ಟು ಮಕ್ಕಳು ಉತ್ತೀರ್ಣರಾದರು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮರಾ ಇರಿಸಿ, ದೂರದಲ್ಲಿ ಕುಳಿತು ನೋಡುವ ಏರ್ಪಾಡಾಯಿತು. ಆ ವರ್ಷ ಮೊದಲನೆಯ ಪರೀಕ್ಷೆಯ ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದ ಮೇಲೆ. ಆ ಕೃಪೆ ಇಲ್ಲದಿದ್ದರೆ ಅರ್ಧದ ಗೆರೆಯನ್ನು ಸ್ವಲ್ಪವೇ ದಾಟುತ್ತಿತ್ತು. 2025ರಲ್ಲಿ ಹೆಚ್ಚುವರಿ ಕೃಪಾಂಕ ನಿಂತಿತು, ಫಲಿತಾಂಶ ಶೇ. 66.14 ಆಯಿತು. ಎರಡೇ ವರ್ಷಗಳಲ್ಲಿ ಕನ್ನಡನಾಡಿನ ಮಕ್ಕಳು ಇಷ್ಟೊಂದು ಮಂದಮತಿಗಳಾದರೆ? ಮಾಸ್ತರರೆಲ್ಲ ಒಮ್ಮೆಲೆ ಮೈಗಳ್ಳರಾದರೆ? ಇಲ್ಲ. ಮಕ್ಕಳು ಅವರೇ, ಮಾಸ್ತರರೂ ಅವರೇ. ಬದಲಾದದ್ದು ಅಳತೆಗೋಲು. ಹೀಗಿರುವಾಗ ಆ ಅಳತೆಗೋಲೊಂದನ್ನೇ ನಂಬಿ ಒಂದು ಶಾಲೆಯನ್ನು ಹೊಗಳುವುದೂ ಇನ್ನೊಂದನ್ನು ಹಳಿಯುವುದೂ ಎಷ್ಟರಮಟ್ಟಿಗೆ ನ್ಯಾಯ?

ಶಾಲೆಯನ್ನು ಪಾಸಾದ ತಲೆಗಳಿಂದ ಎಣಿಸುವ ಈ ರೂಢಿ ಹೊಸದಲ್ಲ. 1862ರಲ್ಲಿ ಇಂಗ್ಲೆಂಡಿನಲ್ಲಿ ಒಂದು ನಿಯಮಾವಳಿ ಜಾರಿಗೆ ಬಂತು. ಅದರಂತೆ ವರ್ಷಕ್ಕೊಮ್ಮೆ ಇನ್ಸ್‌ಪೆಕ್ಟರು ಬಂದು ಓದು, ಬರಹ, ಲೆಕ್ಕ ಈ ಮೂರರಲ್ಲಿ ಒಂದೊಂದು ಮಗುವನ್ನೂ ಪರೀಕ್ಷಿಸುವುದು. ತೇರ್ಗಡೆಯಾದ ಮಕ್ಕಳ ಲೆಕ್ಕದ ಮೇಲೆ ಶಾಲೆಗೆ ಹಣ ಕೊಡುವುದು. ಪರಿಣಾಮವೇನಾಯಿತೆಂದರೆ, ಮಕ್ಕಳಿಂದ ಪಾಠದ ಪುಸ್ತಕವನ್ನು ಆದ್ಯಂತ ಬಾಯಿಪಾಠ ಮಾಡಿಸತೊಡಗಿದರು. ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ನಿರರ್ಗಳವಾಗಿ “ಓದಿದ” ಮಕ್ಕಳ ಕಥೆಗಳು ಆ ಕಾಲದಿಂದ ಉಳಿದುಬಂದಿವೆ. ಸ್ವತಃ ಶಾಲಾ ಇನ್ಸ್‌ಪೆಕ್ಟರರಾಗಿದ್ದ ಕವಿ ಮ್ಯಾಥ್ಯೂ ಆರ್ನಲ್ಡ್ ಇದರಿಂದ ಬೋಧನೆ ಯಾಂತ್ರಿಕವಾಗುತ್ತದೆಂದು ಎಚ್ಚರಿಸುತ್ತಲೇ ಇದ್ದ. ಆದರೂ ಆ ಪದ್ಧತಿ ಕೈಬಿಟ್ಟುಹೋಗಲು ಮೂವತ್ತು ವರ್ಷಗಳೇ ಹಿಡಿದವು. ಅಷ್ಟರಲ್ಲಿ ಅದು ಕಡಲು ದಾಟಿ, ಧಾರವಾಡ ಸೀಮೆಯೂ ಸೇರಿದ್ದ ಮುಂಬಯಿ ಪ್ರಾಂತಕ್ಕೂ ಕಾಲಿಟ್ಟಿತ್ತು.

ಇಂದು ನಮ್ಮಲ್ಲಿ ತಲೆಕೆಳಗಾದ ಪುಸ್ತಕಕ್ಕೆ ಬೇರೆ ಹೆಸರಿದೆ: “ಪಾಸಿಂಗ್ ಪ್ಯಾಕೇಜ್.” ಪರೀಕ್ಷೆ ಸಮೀಪಿಸಿದಾಗ, ಹಿಂದುಳಿದ ಮಕ್ಕಳಿಗೆಂದು, ಪಾಸಾಗಲು ಸಾಲುವಷ್ಟು ಪ್ರಶ್ನೋತ್ತರಗಳನ್ನು ಆಯ್ದು ಕಟ್ಟಿಕೊಡುವ ಬುತ್ತಿ ಅದು. ಕೊಡುವ ಮಾಸ್ತರರ ಅಂತಃಕರಣವನ್ನು ನಾನು ಶಂಕಿಸುವುದಿಲ್ಲ. ಮುಳುಗುವವನಿಗೆ ಹಗ್ಗ ಎಸೆಯುವುದು ಪುಣ್ಯದ ಕೆಲಸವೇ. ಆದರೆ ಹಗ್ಗ ಹಿಡಿದು ದಡ ಸೇರಿದವನನ್ನು ನಾವು ಈಜು ಬಲ್ಲವನೆಂದು ಹಲಗೆಯ ಮೇಲೆ ಬರೆದು, ಮರುದಿನವೇ ಇನ್ನೂ ಆಳವಾದ ನೀರಿಗೆ ಕಳಿಸುತ್ತೇವಲ್ಲ!

ಆ ಆಳವಾದ ನೀರೆಂದರೆ ನಮ್ಮ ಪದವಿಪೂರ್ವ ಕಾಲೇಜು. ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಮೊದಲನೆಯ ವರ್ಷದ ಪಿ.ಯು.ಸಿ. ತರಗತಿಯಲ್ಲಿ ಒಬ್ಬ ಹುಡುಗನಿಗೆ ಅವನು ಕಂಡಿರದ ಒಂದು ಗದ್ಯಭಾಗವನ್ನು ಓದಲು ಹೇಳಿದೆ. ಅವನು ಅಕ್ಷರ ಅಕ್ಷರವಾಗಿ ತಡವರಿಸಿದ. ಮೂರನೆಯ ಸಾಲಿಗೆ ನನ್ನ ತಾಳ್ಮೆ ತೀರಿತು. “ಹತ್ತನೆಯ ತರಗತಿಯನ್ನು ಹೇಗೆ ದಾಟಿ ಬಂದೆಯಪ್ಪಾ, ಮಹಾರಾಯ?” ಎಂದೆ. ತರಗತಿ ಘೊಳ್ಳೆಂದು ನಕ್ಕಿತು. ನನಗೂ ನನ್ನ ಮಾತು ಚೆನ್ನಾಗಿದೆಯೆನ್ನಿಸಿರಬೇಕು. ಹುಡುಗ ಕುಳಿತುಕೊಂಡ. ಮುಂದಿನ ವಾರದಿಂದ ಅವನು ಬರಲಿಲ್ಲ. ಹಾಜರಿಪುಸ್ತಕದಲ್ಲಿ ಕೆಲವು ವಾರ ಅವನ ಹೆಸರು ಇತ್ತು. ಆಮೇಲೆ ನಾನೇ ಅದರ ಮೇಲೆ ಕೆಂಪುಗೆರೆ ಎಳೆದೆ. ಅವನಿಗೆ ಓದಲು ಬಾರದಿದ್ದುದು ನನ್ನ ಅಪರಾಧವಲ್ಲ. ಆದರೆ ಅದನ್ನು ಕಂಡುಹಿಡಿದ ಮೇಲೆ ನಾನು ಮಾಡಿದ್ದೇನು? ಅವನನ್ನು ನಗೆಪಾಟಲು ಮಾಡಿದ್ದು. ಕಾಲೇಜಿನವರು ಪ್ರೌಢಶಾಲೆಯನ್ನು, ಪ್ರೌಢಶಾಲೆಯವರು ಪ್ರಾಥಮಿಕ ಶಾಲೆಯನ್ನು, ಪ್ರಾಥಮಿಕ ಶಾಲೆಯವರು ಮನೆಯನ್ನು ದೂರುವ ಈ ಏಣಿಯಲ್ಲಿ ಯಾರ ಮೆಟ್ಟಿಲಿನ ಮೇಲೂ ಆ ಹುಡುಗನಿಗೆ ನಿಲ್ಲಲು ಎಡೆ ಇರಲಿಲ್ಲ.

ಹಾಗಾದರೆ ಶಾಲೆಯ ಪ್ರಗತಿಯನ್ನು ಪರಿಶೀಲಿಸುವುದೇ ಬೇಡವೆ? ಖಂಡಿತ ಬೇಕು. ಸರಕಾರಿ ಶಾಲೆ ಸಾರ್ವಜನಿಕರ ಸ್ವತ್ತು. ಅದು ಲೆಕ್ಕ ಒಪ್ಪಿಸಲೇಬೇಕು. ನನ್ನ ಅರಿಕೆ ಇಷ್ಟೆ: ಲೆಕ್ಕ ಪೂರ್ತಿಯಾಗಿರಲಿ.

ನಮ್ಮ ಪ್ರೌಢಶಾಲೆಗೆ ಮಗು ಕಾಲಿಡುವುದು ಎಂಟನೆಯ ತರಗತಿಗೆ. ಸುತ್ತಲಿನ ನಾಲ್ಕಾರು ಹಳ್ಳಿಗಳಿಂದ, ನಾಲ್ಕಾರು ಬಗೆಯ ಬುನಾದಿ ಹೊತ್ತು ಅವು ಬರುತ್ತವೆ. ಇವನ್ನು ಹತ್ತನೆಯ ತರಗತಿಯ ಕೊನೆಗೆ ಮುಟ್ಟಿಸಲು ಇರುವುದು ಮೂರೇ ವರ್ಷ. ಆದ್ದರಿಂದ ಮೊದಲ ಪ್ರಶ್ನೆ: ಎಂಟನೆಯ ತರಗತಿಗೆ ಬಂದವರೆಲ್ಲ ಎಲ್ಲಿದ್ದಾರೆ? ಉದಾಹರಣೆಗೆ ಎರಡು ಶಾಲೆಗಳನ್ನು ಕಲ್ಪಿಸಿಕೊಳ್ಳಿರಿ. ಎರಡಕ್ಕೂ 50 ಮಕ್ಕಳು ಸೇರಿದರು. ಮೊದಲನೆಯದರಲ್ಲಿ 40 ಮಕ್ಕಳು ಪರೀಕ್ಷೆಗೆ ಕುಳಿತು 32 ಮಕ್ಕಳು ಪಾಸಾದರು, ಫಲಿತಾಂಶ ಶೇ. 80. ಎರಡನೆಯದರಲ್ಲಿ 48 ಮಕ್ಕಳು ಕುಳಿತು 36 ಮಕ್ಕಳು ಪಾಸಾದರು, ಶೇ. 75. ಹಾರ ಬೀಳುವುದು ಮೊದಲ ಶಾಲೆಯ ಕೊರಳಿಗೆ. ಆದರೆ ಸೇರಿದ 50 ಮಕ್ಕಳಲ್ಲಿ ಹೆಚ್ಚು ಮಂದಿಯನ್ನು ದಡ ಮುಟ್ಟಿಸಿದ್ದು ಎರಡನೆಯದು. ಮೊದಲ ಶಾಲೆಯಿಂದ ಮರೆಯಾದ ಹತ್ತು ಮಕ್ಕಳಲ್ಲಿ ಒಬ್ಬ ಹತ್ತಿ ಬಿಡಿಸುವ ಹಂಗಾಮಿನಲ್ಲಿ ಹೊಲಕ್ಕೆ ಹೋದವನಿರಬಹುದು, ಒಬ್ಬಳು ಹಸೆಮಣೆಗೆ ಹೋದವಳಿರಬಹುದು. ಅವರು ಶೇಕಡಾವಾರಿಯನ್ನು ಕೆಡಿಸುವುದಿಲ್ಲ, ಹೆಚ್ಚಿಸುತ್ತಾರೆ!

ಎರಡನೆಯ ಪ್ರಶ್ನೆ: ಸೇರಿದಾಗ ಮಗು ಎಲ್ಲಿತ್ತು, ಈಗ ಎಲ್ಲಿದೆ? ಒಂದು ವಾಕ್ಯವನ್ನೂ ಓದಲಾರದೆ ಬಂದವಳು ಈಗ ಒಂದು ಪುಟ ಓದಿದರೆ, ಆಕೆ ಪಾಸಾಗದಿದ್ದರೂ, ಆ ಶಾಲೆಯಲ್ಲಿ ಪಾಠ ನಡೆದಿದೆ. ವರ್ಷಾರಂಭದಲ್ಲಿ ನಮ್ಮ ಶಾಲೆಗಳಲ್ಲಿ “ಸೇತುಬಂಧ” ನಡೆಯುತ್ತದೆ. ಹಿಂದಿನದರಲ್ಲಿ ಏನು ಉಳಿದಿದೆಯೆಂದು ನೋಡಿ ತುಂಬುವ ಕೆಲಸ ಅದು. ಆದರೆ ಕೆಲವೇ ದಿನಗಳಲ್ಲಿ ಅದು ಮುಗಿದು ಪಠ್ಯದ ಓಟ ಆರಂಭವಾಗುತ್ತದೆ. ಏಳು ವರ್ಷಗಳ ಕಂದರಕ್ಕೆ ಕೆಲವು ದಿನಗಳ ಸೇತುವೆ ಸಾಲದು. ಮೂರನೆಯ ಪ್ರಶ್ನೆ ಆ ವೃದ್ಧರದೇ: ಕಂಡಿರದ ಒಂದು ಪುಟವನ್ನು ಓದಿ, ಅದರಲ್ಲಿ ಏನಿದೆಯೆಂದು ತನ್ನ ಮಾತಿನಲ್ಲಿ ಹೇಳಬಲ್ಲುದೆ? ಬೋಧನೆಯ ಗುರಿಯನ್ನು ಶೇಕಡಾವಾರಿಯಲ್ಲಿ ಬರೆಯುವ ಬದಲು ಈ ಒಂದು ವಾಕ್ಯದಲ್ಲಿ ಬರೆದರೆ, ವಿಜ್ಞಾನದ ಮಾಸ್ತರರಿಗೂ ಗಣಿತದವರಿಗೂ ಅದು ಗುರಿಯೇ ಆದೀತು. ಪ್ರಶ್ನೆ ಅರ್ಥವಾಗದವನು ಉತ್ತರ ಬರೆಯುವುದಾದರೂ ಹೇಗೆ?

ಸಭೆ ಮುಗಿದ ಮೇಲೆ ಅಲ್ಲಿಯ ಕನ್ನಡದ ಅಕ್ಕೋರು, ಸಂಕೋಚದಿಂದಲೇ, ತಮ್ಮ ಚೀಲದಿಂದ ಎರಡು ನೂರು ಪುಟದ ಒಂದು ನೋಟುಬುಕ್ಕನ್ನು ತೆಗೆದು ತೋರಿಸಿದರು. ಎಂಟನೆಯ ತರಗತಿಯ ಒಂದೊಂದು ಮಗುವಿಗೆ ಒಂದೊಂದು ಪುಟ. “ಜುಲೈ: ಒತ್ತಕ್ಷರ ತಪ್ಪುತ್ತಾನೆ.” “ನವೆಂಬರ್: ಪತ್ರಿಕೆಯ ಸುದ್ದಿ ಓದಿದ, ಅರ್ಧ ಅರ್ಥವಾಯಿತು.” “ಫೆಬ್ರವರಿ: ತಾನಾಗಿಯೇ ಗ್ರಂಥಾಲಯದ ಪುಸ್ತಕ ಕೇಳಿದಳು.” ಇದನ್ನು ಸಭೆಯ ಮುಂದೆ ಏಕೆ ಇಡಲಿಲ್ಲವೆಂದು ಕೇಳಿದೆ. “ವರದಿಯ ನಮೂನೆಯೊಳಗ ಇದಕ್ಕ ಕಾಲಮ್ಮ ಇಲ್ಲರೀ, ಸರ” ಎಂದರು. ಮುಖ್ಯೋಪಾಧ್ಯಾಯರು ಪಕ್ಕದಲ್ಲೇ ನಿಂತು ಆ ಪುಟಗಳನ್ನು ಬಹಳ ಹೊತ್ತು ತಿರುವಿ ಹಾಕಿದರು. ಏನನ್ನೂ ಹೇಳಲಿಲ್ಲ, ಆದರೆ ನೋಟುಬುಕ್ಕನ್ನು ಹಿಂದಿರುಗಿಸದೆ ಒಂದು ದಿನದ ಮಟ್ಟಿಗೆ ತಮ್ಮಲ್ಲೇ ಇಟ್ಟುಕೊಂಡರು.

ಹಾವೇರಿಗೆ ಹಿಂತಿರುಗುವ ದಾರಿಯಲ್ಲಿ ಬಂಕಾಪುರದ ಅಡ್ಡರಸ್ತೆ ಸಿಕ್ಕಿತು. ಹಿಂದೆ ಜಿನಸೇನಾಚಾರ್ಯರು ಮಹಾಪುರಾಣವನ್ನು ಮುಗಿಸದೆಯೇ ಕಾಲವಾದಾಗ ಅದನ್ನು ಪೂರ್ಣಗೊಳಿಸಿದವನು ಅವರ ಶಿಷ್ಯ ಗುಣಭದ್ರ. ಆ ಉತ್ತರಪುರಾಣಕ್ಕೆ ಪೂಜೆ ಸಂದದ್ದು ಇದೇ ಬಂಕಾಪುರದಲ್ಲಿ, ಕ್ರಿ.ಶ. 898ರ ಸುಮಾರಿಗೆ. ಗುರುವಿಲ್ಲದಾಗಲೂ ಮುಂದಿನ ಪುಟವನ್ನು ಶಿಷ್ಯ ತಾನೇ ಬರೆದ. ನಮ್ಮ ಮಕ್ಕಳು ಪುರಾಣ ಬರೆಯಬೇಕಾಗಿಲ್ಲ. ಅಜ್ಜನಿಗೆ ಬಂದ ಕಾಗದವನ್ನು, ಮಾಸ್ತರರು ಪಕ್ಕದಲ್ಲಿಲ್ಲದಾಗ, ಓದಿ ತಿಳಿಸಿದರೆ ಸಾಕು.

ಓದುಗ ಮಹನೀಯರೇ, ಮುಂದಿನ ಬೇಸಿಗೆಯಲ್ಲಿ ಎದುರುಮನೆಯ ಮಗು ಹತ್ತನೆಯ ತರಗತಿ ಮುಗಿಸಿದಾಗ ಶೇಕಡಾ ಎಷ್ಟೆಂದು ಕೇಳಬೇಡಿರೆಂದು ನಾನು ಹೇಳುವುದಿಲ್ಲ. ಹೇಳಿದರೂ ನೀವು ಬಿಡುವವರಲ್ಲ. ಕೇಳಿದ ಮೇಲೆ ಈ ವಾರಪತ್ರಿಕೆಯ ಯಾವುದಾದರೂ ಒಂದು ಪುಟವನ್ನು ಕೈಗೆ ಕೊಟ್ಟು, “ಇದರಲ್ಲಿ ಏನಿದೆ, ಹೇಳು ಮಗೂ” ಎನ್ನಿರಿ. ಹೇಳಿದರೆ ಸಂತೋಷಪಡಿರಿ. ಹೇಳಲಾರದೆ ತಡವರಿಸಿದರೆ, ದಯವಿಟ್ಟು ನನ್ನಂತೆ ನಗಿಸಬೇಡಿರಿ. ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಮೊದಲ ಸಾಲನ್ನು ಜೊತೆಗೇ ಓದಿರಿ.