ಮಕ್ಕಳ ಪಾನೀಯವೂ ಕೃತಕ ಸಿಹಿಯೂ

ಮಕ್ಕಳ ಪಾನೀಯಗಳಲ್ಲಿ ಸಕ್ಕರೆಗೆ ಬದಲಾಗಿ ಕೃತಕ ಸಿಹಿಯಿರಬಹುದೋ ಎಂಬ ವಿಷಯದಲ್ಲಿ ತಾಯ್ತಂದೆಗಳೊಳಗೆ ಎರಡು ಪಕ್ಷಗಳಿವೆ. ಹಲ್ಲು ಹುಳುಕಾಗದು, ಮೈ ಬೊಜ್ಜಾಗದು ಎಂದು ಕೆಲವರೆನ್ನುವರು. ಎಳೆಯ ದೇಹಕ್ಕೆ ರಾಸಾಯನಿಕ ವಸ್ತು ಸಲ್ಲದೆಂದು ಉಳಿದವರು.

2023ರ ಜುಲೈಯಲ್ಲಿ ಅಂತರರಾಷ್ಟ್ರೀಯ ತಜ್ಞರ ಸಮಿತಿಯು ಆಸ್ಪರ್ಟೇಮಿಗೆ ಮೊದಲಿನ ಮಿತಿಯನ್ನೇ ಉಳಿಸಿತು: ದೇಹದ ತೂಕದ ಕಿಲೋಗ್ರಾಮೊಂದಕ್ಕೆ ದಿನಕ್ಕೆ 40 ಮಿಲಿಗ್ರಾಮು. ಫೀನೈಲ್‌ಕೀಟೋನೂರಿಯವೆಂಬ ಹುಟ್ಟುರೋಗವುಳ್ಳ ಮಕ್ಕಳಿಗೆ ಅದು ಸಲ್ಲದು. ಉಳಿದ ಮಕ್ಕಳು ಎಂದೋ ಒಂದು ಲೋಟ ಕುಡಿದರೆಂದು ಭಯಪಡುವುದು ಯುಕ್ತವಲ್ಲ. ಆದರೆ ತೂಕವನ್ನು ಹತೋಟಿಯಲ್ಲಿಡಲು ಇಂಥ ಸಿಹಿಗಳನ್ನು ಬಳಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ಅದೇ ವರ್ಷದ ಮೇ ತಿಂಗಳಲ್ಲಿ, ಸಕ್ಕರೆ ಕಾಯಿಲೆಯವರನ್ನುಳಿದು, ಮಕ್ಕಳಿಗೂ ದೊಡ್ಡವರಿಗೂ ಸಲಹೆಯಿತ್ತಿತು.

ನಾವು ಹೇಳತಕ್ಕದ್ದೇನೆಂದರೆ, ಎರಡು ಪಕ್ಷದವರೂ ನಾಲಗೆಯ ರೂಢಿಯನ್ನು ಮರೆತಿರುವರು. ಸಿಹಿ ಯಾವುದಾದರೂ ಸರಿಯೆ, ಪ್ರತಿ ಗುಟುಕೂ ಸಿಹಿಯಾಗಿರಬೇಕೆಂದು ಕಲಿತ ಮಗುವಿಗೆ ನೀರು ಸಪ್ಪೆ, ಮಜ್ಜಿಗೆ ಹುಳಿ. ದಿನದ ದಾಹಕ್ಕೆ ನೀರು, ಊಟಕ್ಕೆ ಮಜ್ಜಿಗೆ, ಹಬ್ಬಕ್ಕೆ ಬೆಲ್ಲದ ಪಾನಕ: ಈ ಕ್ರಮಕ್ಕೆ ಇಬ್ಬರೂ ಒಡಂಬಡಬಹುದಲ್ಲವೆ? ತಾಯಿ ಬೇಡವೆಂದುದನ್ನು ತಂದೆ ಕೊಂಡುಕೊಟ್ಟರೆ ಮಗು ಕಲಿಯುವುದು ಆರೋಗ್ಯವನ್ನಲ್ಲ, ಮನೆಯವರನ್ನು ಒಡೆಯುವ ಉಪಾಯವನ್ನು. ಆದುದರಿಂದ ತಾಯ್ತಂದೆಗಳು ಮೊದಲು ತಮ್ಮೊಳಗೆ ಏಕಮನಸ್ಸಾಗಿ, ಬಳಿಕ ಮಗುವಿನ ಕೈಗೆ ಲೋಟವನ್ನು ಕೊಡಲಿ.