ಮಾಕಳಿದುರ್ಗಕ್ಕೆ ಗೈಡ್ ಯಾಕೆ?

ಪೆರುವಿನ ಮಚು ಪಿಚುಗೆ ಹೋಗೋ ಇಂಕಾ ಟ್ರೇಲ್‌ನಲ್ಲಿ ಗೈಡ್ ಇಲ್ಲದೆ ಬಿಡಲ್ಲ ಅಂದ್ರೆ ‘ಎಷ್ಟು ಶಿಸ್ತು!’ ಅಂತೀವಿ. ನಮ್ಮ ದೊಡ್ಡಬಳ್ಳಾಪುರದ ಮಾಕಳಿದುರ್ಗಕ್ಕೆ ಗೈಡ್ ಅಂದ್ರೆ ‘ದಾರಿ ಮ್ಯಾಪ್‌ನಲ್ಲೇ ಇದೆ, ದುಡ್ಡು ದಂಡ’ ಅಂತೀವಿ.

ಕಳೆದ ತಿಂಗಳು ನಾವು ಹನ್ನೆರಡು ಜನ ಹತ್ತಿದ್ವಿ. ಕೆಳಗೆ ರೈಲು ಹಳಿ, ಮೇಲೆ ಪಾಳುಬಿದ್ದ ಕೋಟೆ, ಶಿವನ ಗುಡಿ, ನಂದಿ. ಗೈಡ್ ಅಣ್ಣ ಕೋಟೆ ಬಗ್ಗೆ ಹೇಳ್ತಿದ್ರೆ ನಾವು ರೀಲ್ಸ್‌ನಲ್ಲಿ ಬ್ಯುಸಿ. ನಮ್ಮಲ್ಲೊಬ್ಬ ಗೋಡೆ ಮೇಲೆ ಮಾರ್ಕರ್‌ನಲ್ಲಿ ಬ್ರಾಂಚ್ ಹೆಸರು ಬರೆದ. ನಾವ್ಯಾರೂ ತಡೀಲಿಲ್ಲ, ನಕ್ಕೆವು. ಅಣ್ಣ ಬೈಯಲಿಲ್ಲ. ತಮ್ಮ ಬಾಟಲಿಯ ನೀರು ಸುರಿದು ಟವೆಲ್‌ನಿಂದ ಉಜ್ಜಿದರು. ಪೂರ್ತಿ ಹೋಗಲಿಲ್ಲ.

ದಾರಿ ನಮಗೆ ಗೊತ್ತಿತ್ತು, ನಿಜ. ಕಲ್ಲಿನ ಬೆಲೆ ಗೊತ್ತಿರಲಿಲ್ಲ. ಅದಕ್ಕೇ ಗೈಡ್ ಬೇಕು. ಮುಂದಿನ ಸಲ ಹೋಗೋರು ಮಾರ್ಕರ್ ಹಾಸ್ಟೆಲ್‌ನಲ್ಲೇ ಬಿಡಿ, ಅಣ್ಣನ ಮಾತು ಕೇಳಿ.