ತಂತಿ ಕಡಿದರೆ ಬ್ಲೇಡು ನಿಲ್ಲಬೇಕು!



ವೈಟ್‌ಫೀಲ್ಡಿನ ಆಫೀಸುಗಳಲ್ಲಿ ನೀವು ದಿನಾ ಲಿಫ್ಟ್ ಹತ್ತುತ್ತೀರಿ. ಬಾಗಿಲು ಮುಚ್ಚುವಾಗ ಯಾರಾದರೂ ಕೈ ಅಡ್ಡ ಹಿಡಿದರೆ ಬಾಗಿಲು ಹಿಂದೆ ಸರಿಯುತ್ತದೆ. ಅಲ್ಲಿ ಕಣ್ಣಿಗೆ ಕಾಣದ ಬೆಳಕಿನ ಎಳೆಗಳು ಹಾಯುತ್ತಿರುತ್ತವೆ, ಕೈ ಬಂದರೆ ಎಳೆ ಕಡಿಯುತ್ತದೆ. ಅಷ್ಟೇ ಗುಟ್ಟು.

ಮಾರತ್ತಹಳ್ಳಿಯ ನನ್ನ ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ಮಿಷನ್ನಿನ ಮುಂದೆಯೂ ಅಂಥ ಎರಡು ಕಂಬಗಳಿವೆ. ಒಂದು ಬೆಳಕು ಬಿಡುತ್ತದೆ, ಇನ್ನೊಂದು ಹಿಡಿಯುತ್ತದೆ. ನಡುವೆ ಬೆಳಕಿನ ಪರದೆ. ಆದರೆ ಲಿಫ್ಟು ಕೈಕೊಟ್ಟರೆ ಭುಜಕ್ಕೆ ಪೆಟ್ಟು, ಇದು ಕೈಕೊಟ್ಟರೆ ಕೈಯೇ ಇಲ್ಲ. ಐನೂರು ಹಾಳೆಯ ರೀಮನ್ನು ಒಂದೇ ಏಟಿಗೆ ಸೀಳುವ ಬ್ಲೇಡಿಗೆ ಬೆರಳು ಯಾವ ಲೆಕ್ಕ ಸ್ವಾಮಿ?

ಕೆಲವು ವರ್ಷದ ಹಿಂದೆ ಹಳೆಯ ಮಿಷನ್ನಿಗೆ ಈ ಪರದೆ ಹಾಕಿಸಿದೆ. ಹಾಕಿದವರು ರಟ್ಟಿನ ಕೊಳವೆ ಅಡ್ಡ ಹಿಡಿದು ತೋರಿಸಿದರು. ಬ್ಲೇಡು ನಿಂತಿತು. ದುಡ್ಡು ಎಣಿಸಿಕೊಂಡು ಹೋದರು. ಎರಡು ತಿಂಗಳಾಗಿರಬೇಕು, ಕಟಿಂಗ್ ಹುಡುಗ ಹಾಳೆ ಸರಿಪಡಿಸಲು ಕೈ ಒಳಗಿಟ್ಟಿದ್ದಾಗಲೇ ಬ್ಲೇಡು ಇಳಿಯಿತು. ದೇವರು ದೊಡ್ಡವನು, ಅಂಗಿಯ ತೋಳಷ್ಟೇ ಹೋಯಿತು. ನೋಡಿದರೆ ಮಿಷನ್ನಿನ ಅದುರಿಗೆ ಕಂಬದ ಸಿಗ್ನಲ್ ತಂತಿ ಸ್ಕ್ರೂವಿನಿಂದ ಕಳಚಿಕೊಂಡಿತ್ತು.

ತಂತಿ ಕಳಚಿದರೆ ಮಿಷನ್ ನಿಲ್ಲಬೇಕಲ್ಲವೇ? ಯಾಕೆ ನಿಲ್ಲಲಿಲ್ಲ? ತಪ್ಪು ತಂತಿಯದಲ್ಲ, ಸೆಟ್ಟಿಂಗಿನದು.

ಸೆನ್ಸರಿನ ಔಟ್‌ಪುಟ್ಟನ್ನು ಎರಡು ರೀತಿ ಕೂರಿಸಬಹುದು. ಒಂದು, ಬೆಳಕು ಬೀಳುತ್ತಿರುವಾಗ ಆನ್. ಇನ್ನೊಂದು, ಬೆಳಕು ಕಡಿದಾಗ ಆನ್. ನನ್ನ ಮಿಷನ್ನಿನಲ್ಲಿದ್ದದ್ದು ಎರಡನೆಯದು. ಕೈ ಬಂದರೆ 24 ವೋಲ್ಟ್ ಹೋಗಿ ‘ನಿಲ್ಲು’ ಅನ್ನಬೇಕು. ತಂತಿಯೇ ಇಲ್ಲದಿದ್ದರೆ ಆ ಮಾತು ಮುಟ್ಟುವುದು ಹೇಗೆ? ಮಿಷನ್ನು ‘ಯಾರೂ ಇಲ್ಲ’ ಎಂದುಕೊಂಡು ಹೊಡೆಯಿತು. ಮೊದಲನೆಯದಾಗಿದ್ದರೆ, ದಾರಿ ತೆರವಾಗಿರುವವರೆಗೆ ಮಾತ್ರ ‘ನಡೆ’ ಎಂಬ ಕರೆಂಟು. ಕೈ ಬಂದರೂ ಕರೆಂಟು ಇಲ್ಲ, ತಂತಿ ಕಡಿದರೂ ಇಲ್ಲ, ಸೆನ್ಸರೇ ಸತ್ತರೂ ಇಲ್ಲ. ಮೂರಕ್ಕೂ ಬ್ಲೇಡು ನಿಲ್ಲುತ್ತದೆ. ಅನುಮಾನ ಬಂದರೆ ನಿಲ್ಲಬೇಕು. ಇದೇ ಸೂತ್ರ.

ಪಿಎನ್‌ಪಿ, ಎನ್‌ಪಿಎನ್ ಎಂಬ ಇನ್ನೊಂದು ಆಯ್ಕೆಯೂ ಇದೆ. ಪಿಎನ್‌ಪಿಯಲ್ಲಿ ಔಟ್‌ಪುಟ್ಟು 24 ವೋಲ್ಟ್ ಕೊಡುತ್ತದೆ, ಎನ್‌ಪಿಎನ್‌ನಲ್ಲಿ ಸೊನ್ನೆಗೆ ಎಳೆಯುತ್ತದೆ. ಸಿಪ್ಪೆ ಹೋದ ತಂತಿ ಮಿಷನ್ನಿನ ಮೈಗೆ ತಗುಲಿದರೆ ಎನ್‌ಪಿಎನ್‌ನಲ್ಲಿ ಅದೇ ‘ನಡೆ’ ಎಂದಂತಾಗಬಹುದು. ಪಿಎನ್‌ಪಿಯಲ್ಲಿ ಸಿಗ್ನಲ್ ಸತ್ತು ಮಿಷನ್ ನಿಲ್ಲುತ್ತದೆ.

ಇದಕ್ಕಿಂತ ದೊಡ್ಡ ಮೋಸ ಆಮೇಲೆ ತಿಳಿಯಿತು. ನನಗೆ ಹಾಕಿದ್ದದ್ದು ಡಬ್ಬ ಎಣಿಸುವ, ಎತ್ತರ ಅಳೆಯುವ ಜಾತಿಯ ಸೆನ್ಸರು. ಅದರ ಔಟ್‌ಪುಟ್ಟನ್ನು ಹೇಗೆ ಬೇಕಾದರೂ ತಿರುಗಿಸಬಹುದು. ಕೈ ಕಾಯುವ ಪರದೆಯೇ ಬೇರೆ. ಬೆರಳಿಗಾದರೆ 14 ಮಿಲಿಮೀಟರ್ ದಪ್ಪದ ವಸ್ತುವನ್ನೂ ಗುರುತಿಸುವಂಥದು ಬೇಕು. ಅದಕ್ಕೆ ಎರಡು ಔಟ್‌ಪುಟ್. ಎರಡೂ ಆನ್ ಇದ್ದರಷ್ಟೇ ಮಿಷನ್ ಓಡಬೇಕು. ಒಳಗೊಳಗೇ ತನ್ನನ್ನು ತಾನು ಪರೀಕ್ಷಿಸಿಕೊಳ್ಳುತ್ತಿರುತ್ತದೆ. ಆ ಎರಡು ತಂತಿಗಳನ್ನು ಸೇಫ್ಟಿ ರಿಲೇಗೆ ಬೇರೆಬೇರೆಯಾಗಿ ಕೊಡಬೇಕು. ತಂತಿ ಉಳಿಸಲು ಎರಡನ್ನೂ ಸೇರಿಸಿ ಒಂದು ಮಾಡುವ ಜಾಣರಿದ್ದಾರೆ. ಅವರ ಜಾಣತನಕ್ಕೆ ಬೆಲೆ ತೆರುವುದು ಇನ್ನೊಬ್ಬನ ಬೆರಳು! ಕೈ ತೆಗೆದ ಕೂಡಲೇ ಮಿಷನ್ ತಾನಾಗಿ ಹೊರಡಲೂ ಬಾರದು. ಬಟನ್ ಒತ್ತಿದ ಮೇಲೆಯೇ ಹೊರಡಬೇಕು.

ಇದೆಲ್ಲ ಸೆನ್ಸರಿನ ಜೊತೆ ಬಂದ ಪುಸ್ತಕದಲ್ಲೇ ಇತ್ತು. ಇಂಗ್ಲಿಷ್, ಜರ್ಮನ್, ಫ್ರೆಂಚ್, ಇನ್ನೂ ಏನೇನೋ ಭಾಷೆ. ಕನ್ನಡ? ಹುಡುಕಬೇಡಿ. ಪಿಯುಸಿ ಓದಿದ ನಾನು ಡಿಕ್ಷನರಿ ಹಿಡಿದು ನಾಲ್ಕು ರಾತ್ರಿ ಒದ್ದಾಡಿದೆ. ಕೈ ಇಡುವ ಹುಡುಗ ಕನ್ನಡ ಶಾಲೆಯವನು. ಅವನ ಬೆರಳಿನ ಹಣೆಬರಹ ಅವನಿಗೆ ಓದಲು ಬಾರದ ಭಾಷೆಯಲ್ಲಿ! 1948ರ ಫ್ಯಾಕ್ಟರಿ ಕಾಯಿದೆಯಲ್ಲೇ, ತೂಗುಹಾಕಬೇಕಾದ ನೋಟಿಸು ಇಂಗ್ಲಿಷಿನ ಜೊತೆಗೆ ಹೆಚ್ಚಿನ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಇರಬೇಕೆಂದು 108ನೇ ಕಲಮು ಬರೆದಿದ್ದರು. ಬರೆದದ್ದು ನೋಟಿಸಿಗೆ. ಸೆಟ್ಟಿಂಗ್ ಪುಸ್ತಕವನ್ನು ಕೇಳುವವರಾರು?

ಭಾಷೆ ಎಂದರೆ ಬರೀ ಬೋರ್ಡಲ್ಲ ಗೆಳೆಯರೇ. ಬೋರ್ಡಿನಲ್ಲಿ ಕನ್ನಡ ಬೇಕು, ಬ್ಲೇಡಿನ ಪಕ್ಕದಲ್ಲಿ ಇನ್ನೂ ಬೇಕು. ಪೀಣ್ಯದಲ್ಲಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಡಿಪ್ಲೊಮಾ, ಎಂಜಿನಿಯರಿಂಗ್ ಓದಿ ಕೆಲಸದಲ್ಲಿರುವವರು ನೀವು. ಈ ಪುಸ್ತಕ ನಿಮಗೆ ನೀರು ಕುಡಿದಷ್ಟು ಸಲೀಸು. ನಿಮ್ಮ ಮಿಷನ್ನಿಗೆ ಒಂದು ಪುಟ ಕನ್ನಡ ಬರೆಯಿರಿ. ಯಾವ ಔಟ್‌ಪುಟ್ ಯಾವಾಗ ಆನ್, ಯಾವ ತಂತಿ ಎಲ್ಲಿಗೆ, ಬೆಳಿಗ್ಗೆ ಕೆಲಸಕ್ಕೆ ಮುಂಚೆ, ಬ್ಲೇಡು ನಿಂತಿರುವಾಗ, ಪರೀಕ್ಷೆಯ ಕೋಲನ್ನು ಮೇಲಿಂದ ಕೆಳಗಿನವರೆಗೆ ಹೇಗೆ ಆಡಿಸಬೇಕು, ದೀಪ ಕೆಂಪಾಗದಿದ್ದರೆ ಯಾರನ್ನು ಕರೆಯಬೇಕು. ಇಷ್ಟು ಸಾಕು.

ಬರೆದು ತನ್ನಿ. ಅಚ್ಚು ಹಾಕಿ ಕೊಡುವುದು ನನ್ನ ಜವಾಬ್ದಾರಿ. ಕಾಗದದ ದುಡ್ಡೂ ಬೇಡ. ಆ ಹುಡುಗ ಈಗಲೂ ನನ್ನಲ್ಲೇ ಇದ್ದಾನೆ. ಮೊದಲ ಪ್ರತಿಯನ್ನು ಅವನೇ ಕತ್ತರಿಸಿ ಕೊಡುತ್ತಾನೆ, ಹತ್ತೂ ಬೆರಳಿನಿಂದ.